ರೇಡಿಯೋದ ಕಿವಿ ಹಿಂಡುವ ಮುನ್ನ

ಕಳೆದ ಮಳೆಗಾಲದ ಒಂದು ಸಂಜೆ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಟವೆಲ್ಲಿನಲ್ಲಿ ಏನನ್ನೋ ಸುತ್ತಿಕೊಂಡು ನಮ್ಮ ಮನೆಗೆ ಬಂದ. ದೇವಿಕೊಪ್ಪದಲ್ಲಿ ಎರಡು ದಿನಗಳಿಂದ ಮಳೆ ಬಿಟ್ಟೂ ಬಿಡದೆ ಹಿಡಿದಿತ್ತು. ಟವೆಲ್ ಬಿಚ್ಚಿದರೆ ಒಳಗೊಂದು ಹಳೆಯ ಟ್ರಾನ್ಸಿಸ್ಟರ್ ರೇಡಿಯೋ.

"ಸರ್, ಇದು ನಮ್ಮ ಅಜ್ಜಂದ್ರಿ. ಆವಾಜ್ ಏರಸಾಕ ಹೋದ್ರ ಗೊರಗೊರ ಅಂತೈತ್ರಿ. ಒಮ್ಮೊಮ್ಮೆ ಒದರತೈತಿ, ಒಮ್ಮೊಮ್ಮೆ ಬಾಯಿನ ಬಿಡೂದಿಲ್ರಿ. ನಮ್ಮಪ್ಪ ಗುಜರಿಗೆ ಹಾಕೋಣು ಅಂತಾನ್ರಿ, ಅಜ್ಜಿ ಬ್ಯಾಡ ಅಂತಾಳ್ರಿ."

ಅಜ್ಜ ತೀರಿಕೊಂಡು ವರ್ಷವಾಗಿತ್ತು. ಗುಜರಿಯವನು ಬಂದು ನೋಡಿಕೊಂಡು ಹೋಗಿದ್ದನಂತೆ, ಬರುವ ಸಂತೆಯ ದಿನ ಮತ್ತೆ ಬರುತ್ತಾನಂತೆ. ಹುಡುಗನ ಕೈಯಲ್ಲಿದ್ದದ್ದು ಆರು ದಿನ.

ಅವನಿಗೆ ಉಪದೇಶ ಮಾಡುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಯಿತು. 1986ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಕುಳಿತಿದ್ದ ಬೇಸಿಗೆಯಲ್ಲಿ ನಮ್ಮ ತಂದೆಯವರ ರೇಡಿಯೋ ಹೀಗೆಯೇ ಗೊರಗುಟ್ಟತೊಡಗಿತ್ತು. ಅವರು ಹೊಲಕ್ಕೆ ಹೋದ ಹೊತ್ತು ನೋಡಿ ನಾನು ಅದನ್ನು ಬಿಚ್ಚಿದೆ. ವಾಲ್ಯೂಮ್ ಕಂಟ್ರೋಲಿನ ತಗಡಿನ ಮುಚ್ಚಳ ತೆಗೆದಾಗ ಒಳಗೆ ಕುದುರೆ ಲಾಳದ ಆಕಾರದ ಕಪ್ಪು ಪಟ್ಟಿ ಕಂಡಿತು. ಇದೇ ಕೊಳೆ ಎಂದು ತಿಳಿದು ಸೀಮೆಎಣ್ಣೆ ಹಾಕಿ, ಬ್ಲೇಡಿನಿಂದ ಹೆರೆದು, ಹೊಳೆಯುವಂತೆ ಮಾಡಿದೆ. ಆ ಕಪ್ಪು ಪಟ್ಟಿಯೇ ರೇಡಿಯೋದ ಧ್ವನಿಯನ್ನು ಅಳೆದು ಕೊಡುವ ಇಂಗಾಲದ ಲೇಪವೆಂದು ನನಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಆ ಸೆಟ್ಟಿಗೆ ಎರಡೇ ಧ್ವನಿ: ಒಂದು ಮೌನ, ಇನ್ನೊಂದು ಓಣಿಗೆಲ್ಲ ಕೇಳುವ ಅಬ್ಬರ. ತಂದೆಯವರು ಬೈಯಲಿಲ್ಲ. ಬೆಳಗಿನ ವಾರ್ತೆಯ ಹೊತ್ತಿಗೆ ಸೆಟ್ಟಿನ ಮೇಲೆ ಮಡಚಿದ ಕೌದಿ ಹಾಕುತ್ತಿದ್ದರು, ಅಷ್ಟೆ. ಧ್ವನಿ ಇನ್ನೂ ಕಡಿಮೆಯಾಗಬೇಕೆಂದರೆ ಕೌದಿಯನ್ನು ಇನ್ನೊಂದು ಮಡಿಕೆ ಮಡಚುತ್ತಿದ್ದರು.

ಈ ಬಿಡಿಭಾಗದ ಪೂರ್ಣ ಹೆಸರು ಪೊಟೆನ್ಶಿಯೋಮೀಟರ್. ರಿಪೇರಿ ಅಂಗಡಿಯಲ್ಲಿ 'ಪಾಟ್' ಎಂದರೆ ಸಾಕು. ಅದಕ್ಕೆ ಮೂರು ಕಾಲುಗಳು. ಇಂಗಾಲದ ಪಟ್ಟಿಯ ಎರಡು ತುದಿಗಳಿಗೆ ಒಂದೊಂದು, ಪಟ್ಟಿಯ ಮೇಲೆ ಜಾರುವ ಲೋಹದ ನಾಲಿಗೆಗೆ ಒಂದು. ಪಟ್ಟಿಯ ಒಂದು ತುದಿಗೆ ಧ್ವನಿಯ ವಿದ್ಯುತ್ ಬರುತ್ತದೆ, ಇನ್ನೊಂದು ತುದಿ ಗ್ರೌಂಡಿಗೆ ಸೇರಿರುತ್ತದೆ. ನಾಲಿಗೆ ಎಲ್ಲಿ ನಿಂತಿದೆಯೋ ಅಲ್ಲಿಯ ಪಾಲು ಮಾತ್ರ ಮುಂದಿನ ಹಂತಕ್ಕೆ ಹೋಗುತ್ತದೆ. ಕಾಲುವೆಯ ನೀರನ್ನು ಎರಡು ಹೊಲಗಳಿಗೆ ಹಂಚಿದ ಹಾಗೆ. ನಾನು ಹೆರೆದು ಪಟ್ಟಿಯನ್ನು ನಡುವೆ ಕಡಿದುಬಿಟ್ಟಿದ್ದೆ. ನಾಲಿಗೆ ಕಡಿದ ಜಾಗದ ಒಂದು ಬದಿಗಿದ್ದರೆ ಪೂರ್ತಿ ಧ್ವನಿ, ಇನ್ನೊಂದು ಬದಿಗಿದ್ದರೆ ಏನೂ ಇಲ್ಲ. ನಿಮ್ಮ ಮನೆಯ ರೇಡಿಯೋ ಹೀಗೆ ವರ್ತಿಸಿದರೆ ಪಟ್ಟಿ ತುಂಡಾಗಿದೆ ಅಥವಾ ಗ್ರೌಂಡ್ ಕಾಲಿನ ಬೆಸುಗೆ ಬಿಟ್ಟಿದೆ ಎಂದು ತಿಳಿಯಿರಿ. ಬೆಸುಗೆ ಬಿಟ್ಟಿದ್ದರೆ ಎಷ್ಟು ತಿರುವಿದರೂ ಧ್ವನಿ ಕಡಿಮೆಯಾಗುವುದೇ ಇಲ್ಲ. ಪಟ್ಟಿಗೆ ಮದ್ದಿಲ್ಲ, ಬೆಸುಗೆಗೆ ಇದೆ.

ವಿದ್ಯಾರ್ಥಿಗಳು ಇಲ್ಲೊಂದು ಪ್ರಯೋಗ ಮಾಡಬಹುದು. ಕೆಟ್ಟುಹೋದ ಸೆಟ್ಟಿನಿಂದ ಕಿತ್ತ ಒಂದು ಪಾಟ್ ಮತ್ತು ಮಲ್ಟಿಮೀಟರ್ ಇದ್ದರೆ ಸಾಕು. ಎರಡು ತುದಿಗಳ ನಡುವೆ ಅಳೆಯಿರಿ. ಹತ್ತು ಸಾವಿರ ಓಮ್ ಎಂದುಕೊಳ್ಳೋಣ. ಈಗ ನಾಬನ್ನು ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ, ನಾಲಿಗೆಯಿಂದ ಗ್ರೌಂಡ್ ತುದಿಯವರೆಗೆ ಅಳೆಯಿರಿ. ಐದು ಸಾವಿರ ಬರಬೇಕಲ್ಲವೇ? ಬರುವುದಿಲ್ಲ! ಒಂದು ಸಾವಿರದಿಂದ ಒಂದೂವರೆ ಸಾವಿರದ ಆಸುಪಾಸು ಇರುತ್ತದೆ. ಪಾಟ್ ಕೆಟ್ಟಿಲ್ಲ, ಅದನ್ನು ಮಾಡಿರುವುದೇ ಹಾಗೆ.

ಕಾರಣ ನಮ್ಮ ಕಿವಿಯಲ್ಲಿದೆ. ಭಜನೆಯಲ್ಲಿ ಒಂದೇ ಜೋಡಿ ತಾಳ ಬಾರಿಸುತ್ತಿರುವಾಗ ಇನ್ನೊಂದು ಜೋಡಿ ಸೇರಿದರೆ ತಕ್ಷಣ ಗೊತ್ತಾಗುತ್ತದೆ. ಇಪ್ಪತ್ತು ಜೋಡಿ ಇರುವಲ್ಲಿ ಇನ್ನೊಂದು ಸೇರಿದರೆ ಯಾರಿಗೂ ತಿಳಿಯುವುದಿಲ್ಲ. ಕಿವಿ ಕೂಡುವ ಲೆಕ್ಕ ಮಾಡುವುದಿಲ್ಲ, ಗುಣಿಸುವ ಲೆಕ್ಕ ಮಾಡುತ್ತದೆ. ಜರ್ಮನಿಯ ಗುಸ್ತಾವ್ ಫೆಕ್ನರ್ 1860ರಲ್ಲಿಯೇ ಇಂದ್ರಿಯಗಳ ಈ ಸ್ವಭಾವವನ್ನು ಲಾಗರಿದಮ್ಮಿನ ಸೂತ್ರದಲ್ಲಿ ಹೇಳಿದ. ಡೆಸಿಬೆಲ್ ಎಂಬ ಅಳತೆಯೂ ಲಾಗರಿದಮ್ಮಿನದೇ. ಧ್ವನಿ ಇಮ್ಮಡಿಯಾಯಿತು ಎಂದು ನಮಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಶಕ್ತಿ ಹತ್ತು ಪಟ್ಟಾಗಬೇಕು. ಸಮನಾಗಿ ಹಂಚಿದ ಪಟ್ಟಿಯಿದ್ದರೆ ನಾಬನ್ನು ಪೂರ್ತಿಯಿಂದ ಅರ್ಧಕ್ಕೆ ಇಳಿಸಿದರೂ ಇಳಿಯುವುದು 6 ಡೆಸಿಬೆಲ್ ಮಾತ್ರ. ಎಲ್ಲ ಬದಲಾವಣೆಯೂ ಆರಂಭದ ಒಂದು ಸಣ್ಣ ತಿರುವಿನಲ್ಲಿಯೇ ಮುಗಿದುಹೋಗುತ್ತದೆ. ಅದಕ್ಕೇ ಧ್ವನಿಗೆ 'ಲಾಗ್' ಪಾಟ್ ಬಳಸುತ್ತಾರೆ. ಲಾಗರಿದಮ್ ಕೋಷ್ಟಕ ನೋಡಿ ಇದು ಯಾವ ಜನ್ಮದ ಶಿಕ್ಷೆ ಎನ್ನುವ ಮಕ್ಕಳಿಗೆ ನಾನು ಈ ಪಾಟನ್ನೇ ತೋರಿಸುತ್ತೇನೆ. (ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂದು ಹೆಸರಾದ ಬಾನುಲಿ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರು ಎಂಬುದನ್ನು ನೆನೆದಾಗ ನನಗೆ ಖುಷಿಯಾಗುತ್ತದೆ.)

ರಿಪೇರಿ ಮಾಡುವವರು ಅವಸರದಲ್ಲಿ ಲಾಗ್ ಬದಲು ಸಾದಾ ಪಾಟ್ ಹಾಕಿಬಿಟ್ಟರೆ ಮುಟ್ಟಿದ ಕೂಡಲೇ ಸೆಟ್ ಅಬ್ಬರಿಸುತ್ತದೆ, ಆಮೇಲೆ ಎಷ್ಟು ತಿರುವಿದರೂ ವ್ಯತ್ಯಾಸವಿಲ್ಲ. ಪಾಟಿನ ಮೇಲೆ ಎ, ಬಿ ಎಂಬ ಅಕ್ಷರಗಳಿರುತ್ತವೆ. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನವುಗಳಲ್ಲಿ ಎ ಎಂದರೆ ಲಾಗ್. ಯುರೋಪಿನ ಹಳೆಯ ಬಿಡಿಭಾಗಗಳಲ್ಲಿ ಎ ಎಂದರೆ ಸಾದಾ. ಅಕ್ಷರವನ್ನು ನಂಬಬೇಡಿ, ಮೀಟರನ್ನು ನಂಬಿ.

ಇನ್ನು ಗೊರಗೊರದ ವಿಷಯ. ನಾಲಿಗೆ ಮತ್ತು ಪಟ್ಟಿಯ ನಡುವೆ ದೂಳು, ತೇವ, ಸವೆದ ಇಂಗಾಲದ ಪುಡಿ ಸೇರಿದಾಗ ಸಂಪರ್ಕ ಕ್ಷಣಕ್ಷಣಕ್ಕೂ ಕಡಿದು ಕೂಡುತ್ತದೆ. ನಮ್ಮಂಥ ಅರೆಮಲೆನಾಡಿನ ಊರುಗಳಲ್ಲಿ ಮಳೆಗಾಲ ಕಳೆದ ಮೇಲೆ ಇದು ಹೆಚ್ಚು. ಮೊದಲು ಏನನ್ನೂ ಹಾಕದೆ, ಸೆಟ್ ಬಂದ್ ಮಾಡಿ, ಸೆಲ್ ತೆಗೆದು, ನಾಬನ್ನು ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುವಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಕಾಲುಗಳ ಬಳಿಯ ಸಂದಿನಿಂದ ಸ್ವಲ್ಪವೇ ಬಿಟ್ಟು ಮತ್ತೆ ತಿರುವಿ, ಪೂರ್ತಿ ಆರಿದ ಮೇಲೆ ಸೆಲ್ ಹಾಕಿ. ಸೀಮೆಎಣ್ಣೆ, ಕೊಬ್ಬರಿಎಣ್ಣೆ, ಹೊಲಿಗೆಯಂತ್ರದ ಎಣ್ಣೆ ಬೇಡ. ಎರಡು ದಿನ ನಯವಾಗಿರುತ್ತದೆ, ಮೂರನೆಯ ದಿನ ಆ ಜಿಡ್ಡಿಗೇ ದೂಳು ಅಂಟುತ್ತದೆ. ಪೆಟ್ರೋಲಂತೂ ಬೆಂಕಿಯ ಮಾತು. ಬ್ಲೇಡಿನ ಕಥೆ ಮೇಲೆ ಹೇಳಿದ್ದೇನೆ.

ತಂದೆತಾಯಿಗಳು ಇಲ್ಲಿ ಒಂದು ಮಾತು ಗಮನಿಸಬೇಕು. ಮಕ್ಕಳು ಬಿಚ್ಚಬಹುದಾದದ್ದು ಸೆಲ್ಲಿನಿಂದ ನಡೆಯುವ ಟ್ರಾನ್ಸಿಸ್ಟರ್ ರೇಡಿಯೋ ಮಾತ್ರ. ಅಟ್ಟದ ಮೇಲಿನ ಹಳೆಯ ವಾಲ್ವ್ ರೇಡಿಯೋವನ್ನು ಅವರ ಕೈಗೆ ಕೊಡಬೇಡಿ. ಅದರೊಳಗೆ ಇನ್ನೂರು ಇನ್ನೂರೈವತ್ತು ವೋಲ್ಟ್ ಓಡಾಡುತ್ತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಉಳಿದಿರುತ್ತದೆ. ಎ.ಸಿ.-ಡಿ.ಸಿ. ಎಂದು ಬರೆದಿದ್ದ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುತ್ತಿರಲಿಲ್ಲ. ಒಳಗಿನ ಲೋಹದ ಚೌಕಟ್ಟೇ ಮನೆಯ ಕರೆಂಟಿನ ಒಂದು ತಂತಿಗೆ ಸೇರಿರುತ್ತಿತ್ತು. ಪ್ಲಗ್ ತಿರುವುಮುರುವಾದರೆ ಚೌಕಟ್ಟಿಗೆ ಫೇಸ್ ಬರುತ್ತದೆ. ವಾಲ್ಯೂಮ್ ನಾಬಿನ ಪಕ್ಕದಲ್ಲಿರುವ ಸಣ್ಣ ತಿರುಪು ಕೂಡ ಆ ಚೌಕಟ್ಟಿಗೆ ತಗುಲಿಕೊಂಡದ್ದೇ. ಅದಕ್ಕಾಗಿಯೇ ತಿರುಪಿನ ತೂತನ್ನು ಮೇಣದಿಂದ ಮುಚ್ಚುತ್ತಿದ್ದರು. ಮೇಣ ಉದುರಿದ, ನಾಬ್ ಕಳೆದ ಸೆಟ್ಟಿನ ಬರೀ ಕಂಬಿಯನ್ನು ಒದ್ದೆ ಕೈಯಿಂದ ತಿರುವಿದರೆ ಪ್ರಾಣಕ್ಕೇ ಬಂದೀತು.

1990ರ ಸುಮಾರಿಗೆ ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಹ್ಯಾಮ್ ರೇಡಿಯೋ ಹವ್ಯಾಸದ ಹಿರಿಯರೊಬ್ಬರ ಪರಿಚಯವಾಗಿತ್ತು. ಹ್ಯಾಮ್ ಎಂದರೆ ಸರ್ಕಾರದ ಪರೀಕ್ಷೆ ಪಾಸಾಗಿ, ಲೈಸನ್ಸ್ ಪಡೆದು, ತಮ್ಮದೇ ಸೆಟ್ಟಿನಿಂದ ದೇಶವಿದೇಶದವರೊಡನೆ ಮಾತನಾಡುವವರು. ಅವರ ಮೇಜಿನ ಮೇಲೆ ಬಿಸಿ-348 ಎಂಬ ಕಪ್ಪು ಪೆಟ್ಟಿಗೆಯಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳಲ್ಲಿದ್ದ ರಿಸೀವರ್ ಅದು. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಮಾರಾಟವಾದ ಇಂಥ ಸೆಟ್ಟುಗಳನ್ನು ಜಗತ್ತಿನಾದ್ಯಂತ ಹ್ಯಾಮ್‌ಗಳು ಮನೆಯ ಕರೆಂಟಿಗೆ ಹೊಂದಿಸಿಕೊಂಡು ಬಳಸಿದರು. ಅದರ ಧ್ವನಿ ನಾಬ್ ನನಗೆ ವಿಚಿತ್ರವಾಗಿ ಕಂಡಿತು. ಸ್ವಿಚ್ಚು ಒಂದು ಕಡೆ ಇದ್ದಾಗ ಅದು ಎಲ್ಲ ರೇಡಿಯೋಗಳಂತೆ ಧ್ವನಿಯನ್ನು ಏರಿಳಿಸುತ್ತಿತ್ತು. ಇನ್ನೊಂದು ಕಡೆ ಇಟ್ಟರೆ ಅದೇ ನಾಬ್ ಸೆಟ್ಟಿನ ಗ್ರಹಣಶಕ್ತಿಯನ್ನೇ ಏರಿಳಿಸುತ್ತಿತ್ತು, ಹಿಂದಿನ ಗುಜುಗುಜು ಸಹಿತ ಎಲ್ಲ ಇಳಿಯುತ್ತಿತ್ತು. ಕೆಟ್ಟಿದೆಯೇ ಎಂದು ಕೇಳಿದೆ. ಅವರು ನಕ್ಕು, "ತಮ್ಮಾ, ಇದಕ್ಕ ಬಾಯಿನೂ ಐತಿ, ಕಿವಿನೂ ಐತಿ. ಒಮ್ಮೆ ಬಾಯಿ ಮುಚ್ಚತೀವಿ, ಒಮ್ಮೆ ಕಿವಿ ಮುಚ್ಚತೀವಿ" ಎಂದರು.

ಅಷ್ಟರಲ್ಲಿಯೇ ಇಡೀ ವಿಷಯವಿತ್ತು. ಸಾಮಾನ್ಯ ರೇಡಿಯೋದಲ್ಲಿ ಹತ್ತಿರದ ಪ್ರಬಲ ಕೇಂದ್ರವನ್ನೂ ದೂರದ ದುರ್ಬಲ ಕೇಂದ್ರವನ್ನೂ ಒಂದೇ ಮಟ್ಟದಲ್ಲಿ ಕೇಳಿಸುವ ಸ್ವಯಂ ನಿಯಂತ್ರಣವಿರುತ್ತದೆ. ಅಮೆರಿಕದ ಹೆರಾಲ್ಡ್ ವೀಲರ್ 1925-26ರಲ್ಲಿ, ಇಪ್ಪತ್ತೆರಡು ವರ್ಷದ ಹುಡುಗನಾಗಿದ್ದಾಗ, ಡಯೋಡ್ ಬಳಸಿ ಇದನ್ನು ರೂಪಿಸಿದ. ಅದಿಲ್ಲದ ಕಾಲದಲ್ಲಿ ಹತ್ತಿರದ ಕೇಂದ್ರಕ್ಕೆ ಮುಳ್ಳು ಬಂದಾಗಲೆಲ್ಲ ಓಡಿಹೋಗಿ ಧ್ವನಿ ಇಳಿಸಬೇಕಿತ್ತು. ಆದರೆ ಮೋರ್ಸ್ ಸಂಕೇತ ಕೇಳುವ ಹ್ಯಾಮ್‌ಗೆ ಈ ಉಪಕಾರವೇ ಉಪದ್ರವ. ಚುಕ್ಕೆ ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ಸೆಟ್ಟು ದುರ್ಬಲ ಸಂಕೇತ ಬಂತೆಂದು ತಿಳಿದು ಶಕ್ತಿ ಏರಿಸುತ್ತದೆ, ಗದ್ದಲ ನುಗ್ಗುತ್ತದೆ. ಆದ್ದರಿಂದ ಅವರು ಸ್ವಯಂ ನಿಯಂತ್ರಣ ಬಂದ್ ಮಾಡಿ, ಧ್ವನಿಯನ್ನು ಎತ್ತರದಲ್ಲಿಟ್ಟು, ಗ್ರಹಣಶಕ್ತಿಯ ನಾಬಿನಿಂದಲೇ ಕೆಲಸ ನಡೆಸುತ್ತಿದ್ದರು. ಅನೇಕ ಹಳೆಯ ಹ್ಯಾಮ್ ಸೆಟ್ಟುಗಳಲ್ಲಿ ಈ ನಾಬನ್ನು ಇಳಿಸಿದರೆ ಸಂಕೇತ ಅಳೆಯುವ ಮೀಟರಿನ ಮುಳ್ಳು ಮೇಲೇರುತ್ತದೆ! ಕಿವಿಗೆ ಕಡಿಮೆ, ಮೀಟರಿಗೆ ಹೆಚ್ಚು. ಸ್ವಯಂ ನಿಯಂತ್ರಣದ ಋಣ ವೋಲ್ಟೇಜನ್ನೇ ಮೀಟರ್ ಸಂಕೇತದ ಬಲವೆಂದು ಓದುತ್ತದೆ. ನಾಬ್ ಇಳಿಸಿದಾಗ ನಾವು ಅದೇ ತಂತಿಗೆ ಅದೇ ವೋಲ್ಟೇಜನ್ನು ಕೈಯಿಂದ ಕೊಡುತ್ತೇವೆ. ಇದನ್ನು ದೋಷವೆಂದುಕೊಂಡು ಸರಿಯಿದ್ದ ಸೆಟ್ಟನ್ನು ಕೆಡಿಸಿದವರಿದ್ದಾರೆ.

ಹುಡುಗನ ರೇಡಿಯೋಕ್ಕೆ ಬರೋಣ. ಸ್ಪ್ರೇ ಹಾಕಿದೆವು, ಗೊರಗೊರ ಹೋಯಿತು, ಅವನು ಕುಣಿಯುತ್ತ ಮನೆಗೆ ಹೋದ. ನಾಲ್ಕನೆಯ ದಿನ ಮತ್ತೆ ಬಂದ, ಸೆಟ್ಟೂ ಬಂತು, ಗೊರಗೊರವೂ ಬಂತು. ತೊಳೆದ ಮೇಲೂ ಮರುಕಳಿಸುವ ಗೊರಗೊರಕ್ಕೆ ಪಾಟನ್ನಷ್ಟೇ ದೂರಬಾರದು. ನಾಲಿಗೆಯಿಂದ ಮುಂದಿನ ಟ್ರಾನ್ಸಿಸ್ಟರಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಎಲೆಕ್ಟ್ರೋಲೈಟಿಕ್ ಕಂಡೆನ್ಸರ್ ಕಾವಲಿರುತ್ತದೆ. ಧ್ವನಿಯ ವಿದ್ಯುತ್ತನ್ನು ಬಿಡುವುದು, ನೇರ ವಿದ್ಯುತ್ತನ್ನು ತಡೆಯುವುದು ಅದರ ಕೆಲಸ. ವಯಸ್ಸಾದಂತೆ ಅದು ಒಣಗಿದರೆ ಧ್ವನಿ ಕ್ಷೀಣಿಸಿ ತೆಳುವಾಗುತ್ತದೆ. ಸೋರಿದರೆ ಟ್ರಾನ್ಸಿಸ್ಟರಿನ ನೇರ ವಿದ್ಯುತ್ತು ನಾಲಿಗೆಯ ಮೂಲಕ ಹರಿಯತೊಡಗಿ, ನಾಲಿಗೆಯ ಒಂದೊಂದು ಸಣ್ಣ ಜಿಗಿತವೂ ಸ್ಪೀಕರಿನಲ್ಲಿ ಸಿಡಿಯುತ್ತದೆ. 10 ಮೈಕ್ರೋಫ್ಯಾರಡಿನ ಹೊಸದನ್ನು ಹಾಕಿದೆವು. ಬೆಸುಗೆ ಹುಡುಗನೇ ಹಾಕಿದ, ಧನ ಋಣ ತಿರುವುಮುರುವಾಗದಂತೆ ನಾನು ಪಕ್ಕದಲ್ಲಿ ನಿಂತಿದ್ದೆ. ಬೆಲೆ ಒಂದು ಕಪ್ ಚಹಾಕ್ಕಿಂತ ಕಡಿಮೆ.

ಗೊರಗೊರ ನಿಂತಿತು, ಒಂದು ಜಾಗ ಬಿಟ್ಟು. ನಾಬ್ ಕಾಲುಭಾಗ ದಾಟಿದ ಕೂಡಲೇ ಒಂದು ಕೂದಲೆಳೆಯಷ್ಟು ಅಂತರದಲ್ಲಿ ಧ್ವನಿ ಇನ್ನೂ ಮುಗ್ಗರಿಸುತ್ತಿತ್ತು. ಮುಚ್ಚಳ ತೆಗೆದು ಭೂತಗನ್ನಡಿಯಲ್ಲಿ ನೋಡಿದರೆ ಪಟ್ಟಿ ಅಲ್ಲಿ ಮಾತ್ರ ಸವೆದು ತೆಳುವಾಗಿತ್ತು. ಅಜ್ಜ ವರ್ಷಗಟ್ಟಲೆ ಧ್ವನಿಯನ್ನು ಇಟ್ಟುಕೊಳ್ಳುತ್ತಿದ್ದ ಜಾಗ ಅದು. ಸ್ವಿಚ್ ಸಹಿತ ಅದೇ ಅಳತೆಯ ಲಾಗ್ ಪಾಟ್ ಹುಬ್ಬಳ್ಳಿಯಲ್ಲಿ ಮೂರು ಅಂಗಡಿ ತಿರುಗಿದರೂ ಸಿಗಲಿಲ್ಲ. ನನ್ನ ಹಳೆಯ ಡಬ್ಬಿಯಲ್ಲಿ ಕಳಚಿಟ್ಟ ಒಂದು ಸಿಕ್ಕಿತು. ಅದನ್ನು ಹಾಕಿಕೊಡಲೇ ಎಂದು ಕೇಳಿದೆ. ಹುಡುಗ ಅಜ್ಜಿಯನ್ನು ಕೇಳಿಕೊಂಡು ಬರುತ್ತೇನೆಂದು ಹೋದ.

ಸಂತೆಯ ದಿನ ಅವನ ಅಪ್ಪನೇ ಬಂದರು. "ಸರ್, ನಮ್ಮವ್ವ ಹೊಸಾದು ಹಾಕಸ್ರಿ ಅಂದಾಳ್ರಿ. ಆಕಿ ಕಿವಿ ಈಗ ಮಂದ ಆಗ್ಯಾವು, ನಮ್ಮಪ್ಪ ಇಟ್ಟಷ್ಟು ಆವಾಜ್ ಆಕಿಗೆ ಸಾಲೂದಿಲ್ರಿ" ಎಂದರು. ಹಾಕಿಕೊಟ್ಟೆ. ತೆಗೆದ ಹಳೆಯ ಪಾಟನ್ನು ಹುಡುಗ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ. ಲಾಗರಿದಮ್ ಪಾಠದ ದಿನ ತರಗತಿಗೆ ತರಲು ಹೇಳಿದ್ದೇನೆ.