ಊಟವಾದ ಮೇಲೆ ಇಳಿಯುವ ಬಿಪಿ

ವಯಸ್ಸಾದವರ ಬಿಪಿ ಎಂದರೆ ಏರುವ ಬಿಪಿಯದೇ ಚಿಂತೆ. ಕೆಲವರಿಗೆ ಉಂಡ ಮೇಲೆ ಅದು ಇಳಿಯುತ್ತದೆ ಎಂಬುದು ಹೆಚ್ಚಿನ ಮನೆಗಳಲ್ಲಿ ಗೊತ್ತಿಲ್ಲ.

ಗದಗದಿಂದ ಸಾಸವಡಕ್ಕೆ ಬಂದು ನಮ್ಮೊಡನಿರುವ ಅಪ್ಪನಿಗೆ ಈಗ 76. ಮಧ್ಯಾಹ್ನ ರೊಟ್ಟಿ, ಅನ್ನ, ಸಾರು ಉಂಡು ಸೋಪಾನದೇವರ ಗುಡಿಯ ಕಡೆ ಹೊರಟರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಬೆಳಿಗ್ಗೆ ಅಳೆದರೆ ಬಿಪಿ ಸರಿಯಾಗಿಯೇ ಇರುತ್ತಿತ್ತು. ಊಟಕ್ಕೆ ಮೊದಲು ಒಮ್ಮೆ, ಊಟವಾಗಿ ಒಂದು ಗಂಟೆಗೆ ಇನ್ನೊಮ್ಮೆ ಅಳೆದು ಬರೆದಿಡಿ ಎಂದರು ಇಲ್ಲಿಯ ವೈದ್ಯರು. ಮೇಲಿನ ಅಂಕಿ 138 ಇದ್ದದ್ದು 112ಕ್ಕೆ ಇಳಿದಿತ್ತು.

ಊಟವಾದ ಎರಡು ಗಂಟೆಯೊಳಗೆ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಅದಕ್ಕೆ ಪೋಸ್ಟ್‌ಪ್ರಾಂಡಿಯಲ್ ಹೈಪೊಟೆನ್ಷನ್ ಎನ್ನುತ್ತಾರೆ. ಅನ್ನ ಅರಗಿಸಲು ಕರುಳಿಗೆ ಹೆಚ್ಚು ರಕ್ತ ಹರಿಯುತ್ತದೆ. ಆಗ ಹೃದಯ ವೇಗವಾಗಿ ಬಡಿದು, ಉಳಿದ ರಕ್ತನಾಳಗಳು ಬಿಗಿಯಾಗಿ ಒತ್ತಡವನ್ನು ಕಾಯುತ್ತವೆ. ವಯಸ್ಸು, ಸಕ್ಕರೆ ಕಾಯಿಲೆ ಅಥವಾ ಪಾರ್ಕಿನ್ಸನ್ ಕಾಯಿಲೆಯಿಂದ ಇದನ್ನು ನಡೆಸುವ ನರಗಳು ಸೋತರೆ ಮಿದುಳಿಗೆ ರಕ್ತ ಸಾಲದೆ ತಲೆ ಸುತ್ತುತ್ತದೆ. 1983ರಲ್ಲಿ ಅಮೆರಿಕದ ವೈದ್ಯ ಲೂಯಿಸ್ ಲಿಪ್ಸಿಟ್ಜ್ ಮತ್ತು ಸಂಗಡಿಗರು ವೃದ್ಧರಲ್ಲಿ ಈ ಇಳಿತವನ್ನು ಅಳೆದು ತೋರಿಸಿದರು.

ದೊಡ್ಡ ಭಯ ಬೀಳುವುದರದು. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ಓಡಾಡುವುದು ಕಷ್ಟ. ದಿವೆ ಘಾಟ್ ಇಳಿದು ನಾವು ಆಫೀಸಿಗೆ ಹೋದ ಮೇಲೆ, ಮಧ್ಯಾಹ್ನದ ಹೊತ್ತು ಮನೆಯಲ್ಲಿ ಹಿರಿಯರಷ್ಟೇ ಇರುತ್ತಾರೆ.

ಉಪಾಯಗಳು ಸರಳ. ಒಮ್ಮೆಲೇ ಹೊಟ್ಟೆ ತುಂಬ ಉಣ್ಣದೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣಬೇಕು. ಅನ್ನ, ಸಿಹಿ ಕಡಿಮೆ ಮಾಡಿ ಬೇಳೆ, ಕಾಳು, ತರಕಾರಿ ಹೆಚ್ಚಿಸಬಹುದು. ಊಟಕ್ಕೆ ಮೊದಲು ಒಂದೆರಡು ಲೋಟ ನೀರು ಕುಡಿದರೆ ಒಳ್ಳೆಯದು. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಉಂಡು ನೂರು ಹೆಜ್ಜೆ ನಡೆಯುವುದು ನಮ್ಮಲ್ಲಿ ರೂಢಿ. ಆದರೆ ತಲೆ ಸುತ್ತುವವರು ಆ ಹೊತ್ತಿನಲ್ಲಿ ಒರಗಿ ಕೂರುವುದೇ ಲೇಸು, ಏಳುವಾಗಲೂ ನಿಧಾನವಾಗಿ ಏಳಬೇಕು. ಬಿಪಿ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಬರೆದಿಟ್ಟ ಅಂಕಿಗಳನ್ನು ತೋರಿಸಿದರೆ ಮಾತ್ರೆಯ ಹೊತ್ತು ಬದಲಿಸಬೇಕೇ ಎಂದು ವೈದ್ಯರೇ ಹೇಳುತ್ತಾರೆ. ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಊರಿಗೆ ಫೋನ್ ಮಾಡಿದಾಗ ನಾವೆಲ್ಲ ಮೊದಲು ಕೇಳುವುದು ‘ಊಟ ಆಯ್ತಾ?’ ಎಂದೇ. ಜೊತೆಗೆ ‘ಉಂಡ ಮೇಲೆ ತಲೆ ಸುತ್ತುತ್ತದೆಯೇ?’ ಎಂದೂ ಕೇಳೋಣ.