ಉಗುರಿನ ಮೇಲೊಂದು ಕ್ಯಾಲೆಂಡರು

ಆಷಾಢ ಬಂತೆಂದರೆ ಗೋರಂಟಿ ಹಚ್ಚುವ ಸಂಭ್ರಮ. ಮದರಂಗಿ ಎಂದರೂ ಅದೇ. ಮಕ್ಕಳೇ, ಉಗುರು ಸಿಂಗಾರಕ್ಕೆ ಬ್ಯೂಟಿ ಪಾರ್ಲರ್ ಬೇಕಿಲ್ಲ. ಹಿತ್ತಲ ಗಿಡ ಸಾಕು.

ಮೊದಲು ಉಗುರನ್ನು ಹದವಾಗಿ ಕತ್ತರಿಸಿ, ಕೈ ತೊಳೆದು ಒರೆಸಿಕೊಳ್ಳಿ. ಬುಡದ ತೆಳು ಚರ್ಮವನ್ನು ಮಾತ್ರ ಕೀಳಬೇಡಿ. ರೋಗಾಣುಗಳನ್ನು ತಡೆಯುವ ಬಾಗಿಲು ಅದು. ಸೊಪ್ಪಿಗೆ ಸ್ವಲ್ಪ ನಿಂಬೆರಸ ಹಾಕಿ ನುಣ್ಣಗೆ ಅರೆದು, ಉಗುರಿಗೆ ಟೊಪ್ಪಿಗೆಯಂತೆ ಮೆತ್ತಿ. ಚಿತ್ತಾರ ಬೇಕೆ? ಟೇಪಿನಲ್ಲಿ ಪುಟ್ಟ ನಕ್ಷತ್ರ ಕತ್ತರಿಸಿ, ಮೊದಲೇ ಉಗುರಿಗೆ ಅಂಟಿಸಿರಿ. ಬೆಳಿಗ್ಗೆ ಕಿತ್ತರೆ ಕೆಂಪಿನ ನಡುವೆ ನಕ್ಷತ್ರ!

ಜಾತ್ರೆಯಲ್ಲಿ ಸಿಗುವ ಕಡುಕಪ್ಪು ಮೆಹಂದಿ ಮಾತ್ರ ಬೇಡ. ಅಪ್ಪಟ ಗೋರಂಟಿಯ ಬಣ್ಣ ಕೆಂಪುಗಂದು. ಕಪ್ಪಾಗಲೆಂದು ಬೆರೆಸುವ ಪಿಪಿಡಿ ಎಂಬ ರಾಸಾಯನಿಕದಿಂದ ಚರ್ಮದಲ್ಲಿ ಬೊಬ್ಬೆ ಏಳಬಹುದು, ಕಲೆಯೂ ಉಳಿಯಬಹುದು.

ಸೊಪ್ಪಿನಲ್ಲಿರುವ ಲಾಸೋನ್ ಎಂಬ ಬಣ್ಣ ಚರ್ಮ ಮತ್ತು ಉಗುರಿನ ಕೆರಾಟಿನ್‌ಗೆ ಅಂಟುತ್ತದೆ. ಚರ್ಮ ಸವೆದು ಹೊಸದಾಗುವುದರಿಂದ ಅಂಗೈ ಬಣ್ಣ ಕೆಲವೇ ವಾರಗಳಲ್ಲಿ ಮಾಸುತ್ತದೆ. ಉಗುರಿನ ಬಣ್ಣ ಹಾಗಲ್ಲ. ಉಗುರು ಬೆಳೆದಂತೆ ತುದಿಯತ್ತ ಸರಿಯುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಲ್ಲಿ ಬಣ್ಣವಿಲ್ಲದ ಪಟ್ಟಿಯನ್ನು ಸ್ಕೇಲಿನಿಂದ ಅಳೆದರೆ, ಗೋರಂಟಿ ಹಚ್ಚಿ ಎಷ್ಟು ದಿನವಾಯಿತೆಂದು ಲೆಕ್ಕ ಹಾಕಬಹುದು.

ನಾನೂ ಮೊಮ್ಮಗಳೂ ಒಂದೇ ರಾತ್ರಿ ಹಚ್ಚಿಕೊಳ್ಳುತ್ತೇವೆ. ಅವಳ ಕೆಂಪು ಬೇಗ ತುದಿ ಸೇರುತ್ತದೆ, ನನ್ನದು ನಿಧಾನ. ವಯಸ್ಸಾದಂತೆ ಉಗುರಿನ ಬೆಳವಣಿಗೆಯೂ ನಿಧಾನವಾಗುತ್ತದೆ. ನಿಮ್ಮ ಮನೆಯಲ್ಲೂ ಅಜ್ಜಿಗೆ ಹಚ್ಚಿ, ಅಜ್ಜನ ಕಿರುಬೆರಳನ್ನೂ ಬಿಡಬೇಡಿ. ತಿಂಗಳಿಗೊಮ್ಮೆ ಎಲ್ಲರ ಉಗುರನ್ನೂ ಅಳೆದು ಬರೆದಿಡಿ.