ಸೈಕಲ್ ಬಿತ್ತು, ತಪ್ಪು ಯಾರದು?

ರಸ್ತೆ ತಗ್ಗಿಗೆ ಸಿಕ್ಕು ಸೈಕಲ್ ಮ್ಯಾಲಿಂದ ಮಗಳು ಬಿದ್ದಳು.
ಮೊಣಕಾಲು ಕೆತ್ತಿತು.
ನಾವು ಮೊದಲು ಏನಂತೀವಿ?
"ನೋಡಿ ಹೊಡೀಬೇಕಿಲ್ಲೇನ?"
ಆದ್ರ ಆ ತಗ್ಗು ಯಾರದು ಅಂತ ಕೇಳೀವೇನ್ರಿ?

ಹುಕ್ಕೇರಿ ಕಡೆ ಕಬ್ಬಿನ ಹಂಗಾಮು ನೋಡ್ರಿ.
ಎರಡೆರಡು ಟ್ರೇಲರ್ ಎಳಕೊಂಡು ಟ್ರ್ಯಾಕ್ಟರ್ ಓಡತಾವ.
ಡಾಂಬರಿನ ಅಂಚು ಕಿತ್ತು, ಖಡಿ ಮ್ಯಾಲೆ ಬರತೈತಿ.
ಸಾಲಿ ಮಕ್ಕಳ ಸೈಕಲ್ ಹೋಗೋದು ಅದೇ ಅಂಚಿನಾಗ!

ರೊಟ್ಟಿ ತಾಟಿನಷ್ಟು ಒಂದು ತಗ್ಗು.
ಟ್ರ್ಯಾಕ್ಟರ್ ಗಾಲಿಗೆ ಗೊತ್ತೂ ಆಗಂಗಿಲ್ಲ.
ಎರಡು ಬೆರಳಗಲದ ಸೈಕಲ್ ಗಾಲಿಗೆ ಅದು ಬಾವಿ.
ಮಳಿ ನೀರು ನಿಂತ್ರ ಆಳಾನೂ ಕಾಣಂಗಿಲ್ಲ.

ಹಂಗಾದ್ರ ಹೊಣೆ ಯಾರದು?
ರಸ್ತೆ ಯಾವುದು ಅಂತ ತಿಳೀಲಿಕ್ಕ, ಬದಿಯ ಕಿಲೋಮೀಟರ್ ಕಲ್ಲಿನ ತಲಿ ನೋಡ್ರಿ.
ಹಳದಿ ಇದ್ರ, ರಾಷ್ಟ್ರೀಯ ಹೆದ್ದಾರಿ.
ಹಸಿರು ಇದ್ರ, ರಾಜ್ಯ ಹೆದ್ದಾರಿ.
ಹುಕ್ಕೇರಿ ಊರೊಳಗಿನ ಓಣಿ, ಪುರಸಭೆದು.

2019ರಾಗ ಬೆಂಗಳೂರಿನ ಗುಂಡಿ ಪ್ರಕರಣದಾಗ
ಕರ್ನಾಟಕ ಹೈಕೋರ್ಟ್ ಸ್ಪಷ್ಟ ಹೇಳೈತಿ:
ಚಲೋ ರಸ್ತೆ ನಾಗರಿಕರ ಹಕ್ಕು.
ಗುಂಡಿಯಿಂದ ಪೆಟ್ಟಾದವರು ಪಾಲಿಕೆಗೆ ಪರಿಹಾರ ಕೇಳಬಹುದು.

ಅದೇ ವರ್ಷ ಮೋಟಾರು ವಾಹನ ಕಾಯ್ದೆಗೂ ತಿದ್ದುಪಡಿ ಬಂತು.
ರಸ್ತೆ ಕೆಲಸದ ಲೋಪದಿಂದ ಜೀವ ಹೋದ್ರ, ಅಂಗ ಊನಾದ್ರ,
ಗುತ್ತಿಗೆದಾರಗ 1 ಲಕ್ಷ ರೂಪಾಯಿ ತನಕ ದಂಡ.
ಒಂದು ಜೀವಕ್ಕ ಇದು ಭಾಳ ಕಡಿಮಿ, ನನ್ನ ಕೇಳಿದ್ರ.

ಬಿದ್ದಾಗ ತಗ್ಗಿನ ಫೋಟೋ ತಗೀರಿ,
ಹತ್ರದ ಕಲ್ಲು ಕಾಣೋ ಹಂಗ.
ದವಾಖಾನಿ ಚೀಟಿ ಜ್ವಾಪಾನ ಇಡ್ರಿ.
ಸಂಬಂಧಪಟ್ಟ ಕಚೇರಿಗೆ ಅರ್ಜಿ ಬರದು ಕೊಡ್ರಿ.
ನಿಮ್ಮ ಪ್ರತಿ ಮ್ಯಾಲೆ ಸಿಕ್ಕಾ ಹಾಕಿಸ್ಕೊಂಡೇ ಹೊರಗ ಬರ್ರಿ.